ಕ್ಯಾಟ್‌ಫಿಶ್ ಮೈಮೇಲಿನ ಲೋಳೆ: ಕಾಪಾಡುವುದು ಹೇಗೆ, ಹೋದರೆ ಏನು ಮಾಡಬೇಕು

ನನ್ನ ಮೊದಲ ಪಿಕ್ಟಸ್ ಕ್ಯಾಟ್‌ಫಿಶ್ ಬಲೆಗೆ ಸಿಕ್ಕಿಹಾಕಿಕೊಂಡಾಗ ನಾನು ಅದನ್ನು ಒಣ ಬಟ್ಟೆಯಲ್ಲಿ ಹಿಡಿದು ಬಿಡಿಸಿದೆ. ಮುಳ್ಳು ಚುಚ್ಚೀತು ಅನ್ನುವ ಭಯ ಇತ್ತು. ಬಟ್ಟೆಗೆಲ್ಲ ಗೋಂದಿನ ಹಾಗೆ ಲೋಳೆ ಅಂಟಿತ್ತು, ಅದನ್ನು ಒಗೆದು ಹಾಕಿ ಮರೆತೂಬಿಟ್ಟೆ. ಎರಡು ದಿನ ಮೀನು ಚೆನ್ನಾಗೇ ಓಡಾಡಿಕೊಂಡಿತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಬಟ್ಟೆ ಒತ್ತಿದ ಜಾಗದಲ್ಲೇ ಬಿಳಿ ತೇಪೆ, ಅದರ ಅಂಚಿಗೆ ಹತ್ತಿಯಂಥ ಬೂಸ್ಟು. ಅದು ಬದುಕಲಿಲ್ಲ.

ಆ ಲೋಳೆ ಏನು ಕೆಲಸ ಮಾಡುತ್ತದೆ ಅಂತ ಆಗ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಯಾಟ್‌ಫಿಶ್ ಸಾಕುವವರಿಗೆ, ಸಾಕಬೇಕು ಅಂದುಕೊಂಡವರಿಗೆ, ಗಾಳ ಹಾಕಿ ಹಿಡಿದು ಮತ್ತೆ ನೀರಿಗೇ ಬಿಡುವವರಿಗೆ ಕೂಡ ಇದು ಉಪಯೋಗಕ್ಕೆ ಬರುತ್ತದೆ. ಔಷಧಿಯ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ, ಬೇಕೆಂದೇ ಕೊನೆಗಿಟ್ಟಿದ್ದೇನೆ. ಲೋಳೆ ಹಾಳಾದ ಮೀನಿಗೆ ಮೊದಲು ಬೇಕಿರುವುದು ಒಳ್ಳೆಯ ನೀರು. ಬಾಟಲಿ ಆಮೇಲೆ.

ಲೋಳೆ ಅಂದರೆ ಏನು?

ಕ್ಯಾಟ್‌ಫಿಶ್ ಗುಂಪಿನಲ್ಲಿ 3000ಕ್ಕೂ ಜಾಸ್ತಿ ಜಾತಿಗಳಿವೆ. ಒಂದಕ್ಕೂ ಹುರುಪೆ ಇಲ್ಲ. ಕೋರಿಡೋರಾಸ್, ಪ್ಲೆಕೋ ಥರದವಕ್ಕೆ ಮೈಮೇಲೆ ಮೂಳೆಯ ಗಟ್ಟಿ ಫಲಕಗಳಿವೆ, ಆದರೆ ಆ ಫಲಕದ ಮೇಲೂ ತೆಳು ಚರ್ಮ ಇದೆ, ಆ ಚರ್ಮದ ಮೇಲೂ ಲೋಳೆ ಇದೆ. ಪಿಕ್ಟಸ್, ಮಾಗುರ್, ಗ್ಲಾಸ್ ಕ್ಯಾಟ್‌ಫಿಶ್ ಇವುಗಳದ್ದು ಪೂರ್ತಿ ಬರೀ ಚರ್ಮ. ಬೇರೆ ಮೀನುಗಳಿಗೆ ಹುರುಪೆಯ ಅಂಗಿ ಒಂದಿದೆ, ಇವಕ್ಕೆ ಅದೂ ಇಲ್ಲ.

ಚರ್ಮದೊಳಗೆ ಗಾಬ್ಲೆಟ್ ಕೋಶ ಅಂತ ಪುಟ್ಟ ಚೀಲದಂಥ ಕೋಶಗಳಿರುತ್ತವೆ. ಅವು ಮ್ಯೂಸಿನ್ ಅನ್ನುವ ಪದಾರ್ಥವನ್ನು ಹೊರಗೆ ಬಿಡುತ್ತವೆ, ಅದು ನೀರು ಹೀರಿಕೊಂಡು ಉಬ್ಬಿ ಜಾರುವ ಪದರ ಆಗುತ್ತದೆ. ಹೆಚ್ಚಿನ ಪಾಲು ನೀರೇ. ಆದರೆ ಆ ಉಳಿದ ಸ್ವಲ್ಪದಲ್ಲಿ ಎಷ್ಟೆಲ್ಲಾ ಇದೆ ನೋಡಿ: ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್, ರೋಗ ಗುರುತಿಸುವ ಆಂಟಿಬಾಡಿಗಳು, ಸೂಕ್ಷ್ಮಜೀವಿಗಳನ್ನು ಕೊಲ್ಲುವ ಸಣ್ಣ ಪೆಪ್ಟೈಡ್‌ಗಳು. ಏಷ್ಯಾದ ಅಮುರ್ ಕ್ಯಾಟ್‌ಫಿಶ್‌ನ ಗಾಯವಾದ ಚರ್ಮದ ಲೋಳೆಯಿಂದ 1998ರಲ್ಲಿ ವಿಜ್ಞಾನಿಗಳು ಅಂಥದ್ದೊಂದು ಪೆಪ್ಟೈಡ್ ಬೇರ್ಪಡಿಸಿದರು, ಅದಕ್ಕೆ ಪ್ಯಾರಾಸಿನ್ 1 ಅಂತ ಹೆಸರು. ಅಂದರೆ ಗಾಯ ಆದ ಕೂಡಲೇ ಮೀನು ತನ್ನ ಮೈಯಲ್ಲೇ ಮದ್ದು ತಯಾರಿಸಿಕೊಳ್ಳುತ್ತದೆ.

ಇನ್ನೊಂದು ಕೆಲಸ ನೀರು ಮತ್ತು ಉಪ್ಪಿನ ಲೆಕ್ಕ. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಹಾಗಾಗಿ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ, ಉಪ್ಪು ಸದಾ ಹೊರಗೆ ಜಾರುತ್ತಿರುತ್ತದೆ. ಚರ್ಮ ಮತ್ತು ಲೋಳೆ ಸೇರಿ ಇದನ್ನು ತಡೆದು ನಿಧಾನ ಮಾಡುತ್ತವೆ. ಎರಡೂ ಕಿತ್ತುಹೋದ ಜಾಗದಲ್ಲಿ ಬಾಗಿಲು ತೆರೆದಿಟ್ಟ ಹಾಗೆ. ಮೀನು ಒಳಗೆ ಬಂದ ನೀರನ್ನು ಹೊರಗೆ ಹಾಕುವುದಕ್ಕೇ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತದೆ, ರೋಗದ ಜೊತೆ ಹೋರಾಡೋಕೆ ಏನೂ ಉಳಿಯುವುದಿಲ್ಲ.

ಲೋಳೆ ಒಂದು ಸಲ ಬಂದು ಹಾಗೇ ಉಳಿಯುವಂಥದ್ದಲ್ಲ. ಹಳೆಯದು ತೊಳೆದುಹೋಗುತ್ತಾ, ಹೊಸದು ಬರುತ್ತಾ ಇರುತ್ತದೆ, ಹಾಗೆ ಹೋಗುವಾಗ ಅಂಟಿಕೊಂಡ ಕೊಳೆ, ಪರಾವಲಂಬಿ, ಬ್ಯಾಕ್ಟೀರಿಯಾ ಎಲ್ಲವನ್ನೂ ಎಳೆದುಕೊಂಡೇ ಹೋಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಆರೋಗ್ಯವಾಗಿರುವ ಮೀನು ಹೊಸ ಲೋಳೆ ತಾನೇ ಮಾಡಿಕೊಳ್ಳುತ್ತದೆ. ಅದನ್ನು ಮಾಡಿಕೊಳ್ಳಲು ಬಿಡುವುದಷ್ಟೇ ನಮ್ಮ ಪಾಲಿನ ಕೆಲಸ.

ಹಂತ 1: ನೀರು ಸರಿ ಮಾಡಿ

ನಾನು ನೋಡಿದ ಮಟ್ಟಿಗೆ ಲೋಳೆ ಹಾಳಾಗೋದು ಕೈಯಿಂದ ಆಗುವುದಕ್ಕಿಂತ ನೀರಿನಿಂದಲೇ ಜಾಸ್ತಿ. ಕೈಯಿಂದ ಆಗಿದ್ದು ಕಣ್ಣಿಗೆ ಕಾಣುತ್ತದೆ. ನೀರಿನಿಂದ ಆಗಿದ್ದು ವಾರಗಟ್ಟಲೆ ಕಾಣುವುದೇ ಇಲ್ಲ.

ಮೊದಲು ಕ್ಲೋರಿನ್. ನಲ್ಲಿ ನೀರಿನಲ್ಲಿ ಕ್ರಿಮಿ ಕೊಲ್ಲೋಕೆ ಹಾಕಿರುತ್ತಾರಲ್ಲ, ಅದು ಮೀನಿನ ಲೋಳೆಯನ್ನೂ ಕಿವಿರನ್ನೂ ಸುಡುತ್ತದೆ. ಬರೀ ಕ್ಲೋರಿನ್ ಆದರೆ ಅಗಲ ಬಾಯಿಯ ಬಕೆಟ್‌ನಲ್ಲಿ ಗಾಳಿ ಕಲ್ಲು (ನೀರಿಗೆ ಗಾಳಿ ಗುಳ್ಳೆ ಬಿಡುವ ಕಲ್ಲು) ಹಾಕಿ 24 ಗಂಟೆ ಬಿಟ್ಟರೆ ಹೋಗುತ್ತದೆ. ಆದರೆ ಕೆಲವು ಕಡೆ ಕ್ಲೋರಮಿನ್ ಹಾಕುತ್ತಾರೆ, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿದ್ದು, ಅದು ಒಂದು ದಿನ ಇಟ್ಟರೆ ಹೋಗುವಂಥದ್ದಲ್ಲ. ಅದಕ್ಕೆ ಡಿಕ್ಲೋರಿನೇಟರ್, ಅಂದರೆ ಕ್ಲೋರಿನ್ ತೆಗೆಯುವ ದ್ರಾವಣ, ಬೇಕೇ ಬೇಕು. ಸೋಡಿಯಂ ಥಯೋಸಲ್ಫೇಟ್ ಮಾತ್ರ ಇರುವ ದ್ರಾವಣ ಕ್ಲೋರಮಿನ್ ಅನ್ನು ಒಡೆಯುತ್ತದೆ, ಆದರೆ ಅದರಲ್ಲಿದ್ದ ಅಮೋನಿಯಾ ನೀರಿನಲ್ಲೇ ಉಳಿಯುತ್ತದೆ. ಹಾಗಾಗಿ ಅಮೋನಿಯಾವನ್ನೂ ಹಿಡಿದಿಡುವ ಕಂಡಿಷನರ್ ತೆಗೆದುಕೊಳ್ಳಿ. ನಿಮ್ಮ ನೀರಿನಲ್ಲಿ ಯಾವುದಿದೆ ಗೊತ್ತಿಲ್ಲದಿದ್ದರೆ ಕ್ಲೋರಮಿನ್ ಇದೆ ಅಂತಲೇ ಅಂದುಕೊಂಡು ನಡೆಯಿರಿ.

ಆಮೇಲೆ ಅಮೋನಿಯಾ ಮತ್ತು ನೈಟ್ರೈಟ್, ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಹುಟ್ಟುವ ವಿಷಗಳು. ಎರಡೂ ಸೊನ್ನೆ ಇರಬೇಕು. ಸ್ವಲ್ಪ ಇದ್ದರೆ ಪರವಾಗಿಲ್ಲ ಅನ್ನುವವರು ಇರುತ್ತಾರೆ, ದಯವಿಟ್ಟು ಕೇಳಬೇಡಿ. ಅಮೋನಿಯಾ ಚರ್ಮವನ್ನು ಕೆರಳಿಸುತ್ತದೆ, ಮೀನು ತಡೆಯೋಕೆ ಅಂತ ಜಾಸ್ತಿ ಲೋಳೆ ಸುರಿಸುತ್ತದೆ, ಕೊನೆಗೆ ಅದು ಎಳೆ ಎಳೆಯಾಗಿ ಕಳಚಿ ಬೀಳುತ್ತದೆ. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಅಳತೆ) ಏರಿದಂತೆ, ನೀರು ಬೆಚ್ಚಗಾದಂತೆ ಅದೇ ಪ್ರಮಾಣದ ಅಮೋನಿಯಾ ಇನ್ನೂ ಹೆಚ್ಚು ವಿಷವಾಗುತ್ತದೆ. ಹೆಚ್ಚಿನ ಕ್ಯಾಟ್‌ಫಿಶ್‌ಗಳು ತಳದಲ್ಲೇ ಇರುವ ಮೀನುಗಳು, ಉಳಿದ ಆಹಾರ ಕೊಳೆಯುವುದೂ ತಳದಲ್ಲೇ ಅಲ್ವಾ? ಮೇಲಿನ ನೀರು ಹೊಳೆಯುತ್ತಿದೆ ಅಂತ ನಂಬಬೇಡಿ, ಟೆಸ್ಟ್ ಕಿಟ್ ಹಾಕಿ ನೋಡಿ.

ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಿ. ತಿಂಗಳು ಬಿಟ್ಟು ಒಂದೇ ಸಲ ಮುಕ್ಕಾಲು ಭಾಗ ಬದಲಿಸುವುದು ಲೋಳೆಗೆ ದೊಡ್ಡ ಹೊಡೆತ, ಯಾಕೆಂದರೆ ಆ ಒಂದು ತಿಂಗಳಲ್ಲಿ ತೊಟ್ಟಿಯ ಪಿಎಚ್ ನಿಧಾನವಾಗಿ ಇಳಿದಿರುತ್ತದೆ, ಮೀನು ಅದಕ್ಕೆ ಒಗ್ಗಿಕೊಂಡಿರುತ್ತದೆ, ನೀವು ಒಂದೇ ಗಳಿಗೆಯಲ್ಲಿ ಎಲ್ಲವನ್ನೂ ಬದಲಾಯಿಸಿಬಿಡುತ್ತೀರಿ. ಹೊಸ ನೀರಿನ ಬಿಸಿಗೂ ಹಳೆಯದಕ್ಕೂ 2 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ. ಕೈ ಅದ್ದಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ.

ಹಂತ 2: ತಳ, ಹೀಟರ್, ಜೊತೆಗಾರರು

ತಳಕ್ಕೆ ನುಣ್ಣನೆಯ ಮರಳು ಹಾಕಿ. ಒಡೆದ ಗಾಜಿನಂಥ ಚೂಪು ಜಲ್ಲಿ ಮೇಲೆ ಹೊಟ್ಟೆ ಉಜ್ಜಿಕೊಂಡು ಓಡಾಡುವ ಮೀನಿನ ಲೋಳೆ ಉಳಿಯುವುದಿಲ್ಲ, ಮೀಸೆ ಕೂಡ ಸವೆದು ಮೊಂಡಾಗುತ್ತದೆ. ಬೆರಳಿನಿಂದ ಕಲ್ಲು, ಗುಹೆ, ಮರದ ತುಂಡು ಎಲ್ಲ ಸವರಿ ನೋಡಿ. ನಿಮಗೆ ಚುಚ್ಚಿದ್ದು ಅದಕ್ಕೂ ಚುಚ್ಚುತ್ತದೆ.

ಹೀಟರ್‌ಗೆ ಪ್ಲಾಸ್ಟಿಕ್ ಜಾಲರಿ ಹಾಕಿ. ಕ್ಯಾಟ್‌ಫಿಶ್‌ಗಳಿಗೆ ಸಂದಿ ಅಂದರೆ ಪ್ರಾಣ, ಹೀಟರ್ ಹಿಂದೆ ಸೇರಿಕೊಂಡು ಮೈ ಸುಟ್ಟುಕೊಳ್ಳುತ್ತವೆ. ಉದ್ದನೆಯ ಬಿಳಿ ಪಟ್ಟೆ ಒಂದೇ ಪಕ್ಕದಲ್ಲಿ ಕಂಡರೆ ಮೊದಲು ಹೀಟರ್ ಕಡೆ ನೋಡಿ.

ಜೊತೆಗಾರರ ವಿಷಯದಲ್ಲಿ ಒಂದೇ ಮಾತು. ಚೈನೀಸ್ ಆಲ್ಗೀ ಈಟರ್ ದೊಡ್ಡದಾದ ಮೇಲೆ ಪಾಚಿ ಬಿಟ್ಟು ಬೇರೆ ಮೀನುಗಳ ಮೈಗೆ ಅಂಟಿಕೊಂಡು ಲೋಳೆ ಹೀರುವ ಚಾಳಿ ಕಲಿಯುತ್ತದೆ. ಹಸಿದ ಪ್ಲೆಕೋ ಕೂಡ ರಾತ್ರಿ ಹೊತ್ತು ಇದನ್ನೇ ಮಾಡಬಹುದು, ಅದೂ ಒಂದು ಕ್ಯಾಟ್‌ಫಿಶ್ಸೇ. ಬೆಳಿಗ್ಗೆ ಮೀನಿನ ಪಕ್ಕೆಯಲ್ಲಿ ಗುಂಡನೆಯ ಮಸುಕು ಗುರುತು ಕಂಡರೆ ರಾತ್ರಿ ದೀಪ ಆರಿಸಿ ಅರ್ಧ ಗಂಟೆ ಕೂತು ನೋಡಿ.

ಹಂತ 3: ಹಿಡಿಯುವುದು

ಸಾಧ್ಯವಾದಷ್ಟೂ ಹಿಡಿಯಬೇಡಿ. ಸುಮ್ನೆ ತೋರಿಸೋಕೆ, ಫೋಟೋ ತೆಗೆಯೋಕೆ ಅಂತ ಮೀನನ್ನು ಮೇಲೆತ್ತುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಹಿಡಿಯಲೇಬೇಕು ಅಂದಾಗ ಹೀಗೆ ಮಾಡಿ.

ಬಲೆ ಬದಲು ಡಬ್ಬಿ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೆ ಓರೆಯಾಗಿ ಇಡಿ, ಇನ್ನೊಂದು ಕೈಯಿಂದಲೋ ಬಲೆಯಿಂದಲೋ ಮೀನನ್ನು ಮೆಲ್ಲಗೆ ಅದರ ಕಡೆ ಅಟ್ಟಿ. ಒಳಗೆ ಹೋದ ಮೇಲೆ ಡಬ್ಬಿಯ ಬಾಯಿಗೆ ಕೈ ಮುಚ್ಚಿ ನೀರು ಸಮೇತ ಎತ್ತಿ. ಅಷ್ಟೇ. ಮೊದಮೊದಲು ಹತ್ತು ನಿಮಿಷ ಹಿಡಿಯುತ್ತದೆ, ಬೇಜಾರಾಗುತ್ತದೆ, ಆದರೆ ಮೀನು ನೀರಿನಿಂದ ಹೊರಗೇ ಬಂದಿಲ್ಲ, ಅದರ ಮೈಯನ್ನು ಯಾವುದೂ ಉಜ್ಜಿಲ್ಲ. ದೀಪ ಆರಿಸಿ ಹಿಡಿದರೆ ಇನ್ನೂ ಸುಲಭ.

ಬಲೆ ಯಾಕೆ ಬೇಡ ಅಂದರೆ ಹೆಚ್ಚಿನ ಕ್ಯಾಟ್‌ಫಿಶ್‌ಗಳ ಬೆನ್ನಿನ ರೆಕ್ಕೆಯ ಮುಂದೆ ಒಂದು, ಎದೆಯ ರೆಕ್ಕೆಗಳ ಮುಂದೆ ಒಂದೊಂದು ಗಟ್ಟಿ ಮುಳ್ಳು ಇರುತ್ತದೆ. ಹೆದರಿದ ಕೂಡಲೇ ಮೂರನ್ನೂ ನಿಗುರಿಸಿ ಬೀಗ ಹಾಕಿದ ಹಾಗೆ ಬಿಗಿ ಮಾಡಿಕೊಳ್ಳುತ್ತದೆ. ಆ ಮುಳ್ಳಿಗೆ ಎಷ್ಟೋ ಜಾತಿಗಳಲ್ಲಿ ಗರಗಸದ ಹಲ್ಲುಗಳೂ ಇವೆ. ಬಲೆಯ ಕಣ್ಣಿಗೆ ಸಿಕ್ಕಿದರೆ ಬಿಡಿಸೋದು ಬಹಳ ಕಷ್ಟ. ಒಂದು ವೇಳೆ ಸಿಕ್ಕಿಕೊಂಡರೆ ಎಳೆಯಬೇಡಿ. ಬಲೆಯನ್ನು ಮತ್ತೆ ನೀರಿನೊಳಗೆ ಇಳಿಸಿ ಐದು ನಿಮಿಷ ಸುಮ್ಮನೆ ಬಿಡಿ, ಮೀನು ಶಾಂತವಾದರೆ ಮುಳ್ಳು ಮಡಚುತ್ತದೆ, ತಾನೇ ಬಿಡಿಸಿಕೊಳ್ಳುವುದೂ ಉಂಟು. ಆಗಲಿಲ್ಲ ಅಂದರೆ ಕತ್ತರಿ ತಂದು ಬಲೆ ಕತ್ತರಿಸಿ. ಬಲೆ ಇನ್ನೊಂದು ತರಬಹುದು. ನಾನು ಅವತ್ತು ಕತ್ತರಿ ತರಬೇಕಿತ್ತು.

ಕೈಯಿಂದ ಮುಟ್ಟಬೇಕಾದರೆ ಮೊದಲು ಸೋಪು, ಕ್ರೀಮು, ಸ್ಯಾನಿಟೈಸರ್ ಒಂದೂ ಇಲ್ಲದ ಹಾಗೆ ಬರೀ ನೀರಿನಲ್ಲಿ ಮೊಣಕೈವರೆಗೆ ಚೆನ್ನಾಗಿ ತೊಳೆಯಿರಿ, ಆಮೇಲೆ ತೊಟ್ಟಿಯ ನೀರಿನಲ್ಲೇ ಒದ್ದೆ ಮಾಡಿಕೊಳ್ಳಿ. ಕ್ಯಾಟ್‌ಫಿಶ್ ತನ್ನ ಚರ್ಮದಿಂದಲೇ ರುಚಿ ನೋಡುತ್ತದೆ ಅಂದರೆ ನಂಬುತ್ತೀರಾ? ದೊಡ್ಡ ಚಾನೆಲ್ ಕ್ಯಾಟ್‌ಫಿಶ್ ಮೈಮೇಲೆ ಮೀಸೆಯಿಂದ ಬಾಲದವರೆಗೆ ಲಕ್ಷಕ್ಕೂ ಜಾಸ್ತಿ ರುಚಿಮೊಗ್ಗುಗಳಿವೆ. ನಮ್ಮ ಕೈಯ ಸೋಪು ಅದಕ್ಕೆ ನಾಲಿಗೆ ಮೇಲೆ ಸೋಪು ಇಟ್ಟ ಹಾಗೆ. ಒಣ ಕೈ, ಒಣ ಬಟ್ಟೆ, ಉಣ್ಣೆ ಗ್ಲೌಸ್ ಇವೆಲ್ಲ ಲೋಳೆಯನ್ನು ಒರೆಸಿ ತೆಗೆದುಬಿಡುತ್ತವೆ. ಒದ್ದೆ ಮಾಡಿದ ನುಣುಪು ರಬ್ಬರ್ ಗ್ಲೌಸ್ ಪರವಾಗಿಲ್ಲ, ಪೌಡರ್ ಇರುವಂಥದ್ದು ಬೇಡ.

ಗಾಳದಿಂದ ಹಿಡಿದು ಬಿಡುವವರು ಒಣ ನೆಲದ ಮೇಲೆ, ಬಿಸಿ ಕಲ್ಲಿನ ಮೇಲೆ, ದೋಣಿಯ ಹಲಗೆ ಮೇಲೆ ಮೀನನ್ನು ಇಡಬೇಡಿ. ಕೊಕ್ಕೆಯನ್ನು ನೀರಿನಲ್ಲೇ ಬಿಡಿಸಿ. ಗಂಟು ಇರುವ ನೈಲಾನ್ ಬಲೆಗಿಂತ ಗಂಟಿಲ್ಲದ ರಬ್ಬರ್ ಬಲೆ ಎಷ್ಟೋ ಒಳ್ಳೆಯದು. ಮಾಗುರ್‌ನಂಥ ಮೀನು ನೀರಿನಾಚೆ ಬಹಳ ಹೊತ್ತು ಬದುಕಿರುತ್ತದೆ ನಿಜ, ಅದಕ್ಕೆ ಗಾಳಿ ಉಸಿರಾಡುವ ಬೇರೆ ಅಂಗ ಇದೆ. ಆದರೆ ಅದೂ ಮೈ ಒದ್ದೆ ಇರುವವರೆಗೆ ಮಾತ್ರ. ಬದುಕಿದೆ ಅಂದ ಮಾತ್ರಕ್ಕೆ ಅದರ ಚರ್ಮ ಚೆನ್ನಾಗಿದೆ ಅಂತ ಅಲ್ಲ.

ನಿಮ್ಮ ಕೈಗೇ ಮುಳ್ಳು ಚುಚ್ಚಿದರೆ: ಕೆಲವು ಜಾತಿಗಳ ಮುಳ್ಳಿನಲ್ಲಿ ವಿಷ ಇದೆ, ಚೇಳು ಮೀನಿಗೂ, ಕಡಲಿನ ಪಟ್ಟೆ ಕ್ಯಾಟ್‌ಫಿಶ್‌ಗೂ ಅದು ಜೋರಾಗೇ ಇದೆ. ಚುಚ್ಚಿದ ಜಾಗವನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ ಅದ್ದಿಡಿ. 45 ಡಿಗ್ರಿ ದಾಟದಿರಲಿ, ನೋವಿನಲ್ಲಿ ಸುಟ್ಟಿದ್ದು ಗೊತ್ತಾಗದು, ಅದಕ್ಕೆ ಇನ್ನೊಂದು ಕೈಯಿಂದ ಬಿಸಿ ಪರೀಕ್ಷಿಸಿ. ಮುಳ್ಳಿನ ಚೂರು ಒಳಗಿದ್ದರೆ, ಊತ ಏರುತ್ತಿದ್ದರೆ, ಉಸಿರು ಕಟ್ಟಿದ ಹಾಗೆ ಆದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಹಂತ 4: ಸಾಗಿಸುವುದು, ಹೊಸ ತೊಟ್ಟಿಗೆ ಬಿಡುವುದು

ಹೊರಡುವ ಹಿಂದಿನ ದಿನ ಆಹಾರ ಕೊಡಬೇಡಿ, ದಾರಿಯಲ್ಲಿ ನೀರು ಕೊಳೆಯಾಗುವುದು ಕಡಿಮೆಯಾಗುತ್ತದೆ. ದೊಡ್ಡ ಮೀನಾದರೆ ಚೀಲದ ಬದಲು ಮುಚ್ಚಳದ ಬಕೆಟ್. ಚೀಲವೇ ಆದರೆ ಒಂದರೊಳಗೊಂದು ಎರಡು ಹಾಕಿ, ಮೂಲೆಗಳನ್ನು ಮಡಚಿ ರಬ್ಬರ್ ಬ್ಯಾಂಡ್ ಬಿಗಿಯಿರಿ, ಚೂಪು ಮೂಲೆಯಲ್ಲಿ ಸಣ್ಣ ಮೀನು ಸಿಕ್ಕಿಕೊಂಡು ಮೈ ಉಜ್ಜಿಕೊಳ್ಳುತ್ತದೆ. ಒಂದು ಚೀಲದಲ್ಲಿ ತುಂಬಾ ಮೀನು ತುರುಕಬೇಡಿ, ಒಂದರ ಮುಳ್ಳು ಇನ್ನೊಂದರ ಮೈ ಗೀರುತ್ತದೆ. ಕತ್ತಲಲ್ಲಿ ಇಡಿ.

ಮನೆಗೆ ಬಂದ ಮೇಲೆ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ, ಬಿಸಿ ಸಮ ಆಗಲಿ. ಆಮೇಲೆ ಮೀನನ್ನು ಚೀಲದ ನೀರಿನ ಸಮೇತ ಒಂದು ಬಕೆಟ್‌ಗೆ ಹಾಕಿ, ಐದೈದು ನಿಮಿಷಕ್ಕೊಮ್ಮೆ ಒಂದು ಲೋಟ ತೊಟ್ಟಿ ನೀರು ಸೇರಿಸುತ್ತಾ ಹೋಗಿ. ಅರ್ಧ ಗಂಟೆ ಸಾಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಮೀನು ಹಲವು ಗಂಟೆ ಚೀಲದಲ್ಲೇ ಪ್ರಯಾಣ ಮಾಡಿದ್ದರೆ ಅದರ ಉಸಿರಿನ ಕಾರ್ಬನ್ ಡೈಆಕ್ಸೈಡ್‌ನಿಂದ ನೀರಿನ ಪಿಎಚ್ ಇಳಿದಿರುತ್ತದೆ, ಆ ಹುಳಿ ನೀರಿನಲ್ಲಿ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ, ಆದರೆ ಚೀಲ ಬಿಚ್ಚಿದ ಕೂಡಲೇ ಗಾಳಿ ಸೇರಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ದೂರದಿಂದ ಬಂದ ಮೀನನ್ನು ಆ ಹಳೆ ನೀರಿನಲ್ಲಿ ಗಂಟೆಗಟ್ಟಲೆ ಕೂರಿಸಬೇಡಿ. ಬಿಸಿ ಸಮ ಆಗಿದೆಯಾ, ಬೇಗ ಒಳ್ಳೆಯ ನೀರಿಗೆ ಬಿಡಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ. ಪ್ರಯಾಣದಲ್ಲಿ ಲೋಳೆ ತೆಳುವಾಗಿ ಬಂದ ಮೀನೇ ಹೊಸ ರೋಗಕ್ಕೆ ಮೊದಲು ಬೀಳುವುದು.

ಹಂತ 5: ಲಕ್ಷಣ ಓದುವುದು

ದಿನಾ ಆಹಾರ ಹಾಕುವಾಗ ಎರಡು ನಿಮಿಷ ಮೀನಿನ ಮೈಯನ್ನೇ ನೋಡಿ. ಪಕ್ಕದಿಂದ ಟಾರ್ಚ್ ಬಿಟ್ಟರೆ ಲೋಳೆ ಹೇಗಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಸರಿಯಾಗಿರುವ ಲೋಳೆ ಕಣ್ಣಿಗೆ ಕಾಣುವುದೇ ಇಲ್ಲ, ಮೈ ಒದ್ದೆ ಗಾಜಿನ ಹಾಗೆ ಹೊಳೆಯುತ್ತದೆ ಅಷ್ಟೇ.

ಮೈಯಿಡೀ ಬೂದಿ ಬಣ್ಣದ ಮಂಜು ಕವಿದ ಹಾಗಿದ್ದರೆ ಮೀನು ಜಾಸ್ತಿ ಲೋಳೆ ಸುರಿಸುತ್ತಿದೆ ಅಂತ ಅರ್ಥ. ಏನೋ ಕೆರಳಿಸುತ್ತಿದೆ. ಮೊದಲು ನೀರು ಪರೀಕ್ಷಿಸಿ: ಅಮೋನಿಯಾ, ನೈಟ್ರೈಟ್, ಪಿಎಚ್, ಕ್ಲೋರಿನ್. ಎಲ್ಲಾ ಮೀನುಗಳಿಗೂ ಒಂದೇ ದಿನ ಹೀಗಾಗಿದ್ದರೆ ಹೆಚ್ಚೂ ಕಮ್ಮಿ ನೀರೇ ಕಾರಣ. ನೀರು ಪೂರ್ತಿ ಸರಿ ಇದ್ದೂ ಒಂದೊಂದಾಗಿ ಹಬ್ಬುತ್ತಿದ್ದರೆ, ಮೈ ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದರೆ, ಕಣ್ಣಿಗೆ ಕಾಣದ ಪರಾವಲಂಬಿಗಳ ಮೇಲೆ ಅನುಮಾನ ಪಡಿ. ಕೋಸ್ಟಿಯಾ, ಕೈಲೊಡೊನೆಲ್ಲಾ, ಟ್ರೈಕೊಡೈನಾ ಇವು ಮೂರೂ ಹೀಗೇ ಮಾಡುತ್ತವೆ. ಮೈಕ್ರೋಸ್ಕೋಪ್ ಇಲ್ಲದೆ ಯಾವುದು ಅಂತ ಹೇಳೋಕೆ ಆಗಲ್ಲ.

ಉಪ್ಪಿನ ಕಾಳು ಉದುರಿಸಿದ ಹಾಗೆ ಬಿಡಿ ಬಿಡಿ ಬಿಳಿ ಚುಕ್ಕಿ ಇದ್ದರೆ ಇಕ್, ಅಂದರೆ ಬಿಳಿಚುಕ್ಕಿ ರೋಗ. ಈ ಪರಾವಲಂಬಿ ಲೋಳೆ ದಾಟಿ ಚರ್ಮದ ಮೇಲ್ಪದರದ ಅಡಿಗೆ ಹೋಗಿ ಕೂರುತ್ತದೆ.

ಬೆನ್ನಿನ ಮೇಲೆ ಜೀನು ಹಾಕಿದ ಹಾಗೆ ಬೂದು ಬಿಳಿ ಪಟ್ಟೆ, ಬಾಯಿಯ ಸುತ್ತ ಬಿಳಿ, ಅಂಚಿಗೆ ಸ್ವಲ್ಪ ಹಳದಿ ಅಥವಾ ಕೆಂಪು, ಬೆಳಿಗ್ಗೆಗೂ ಸಂಜೆಗೂ ದೊಡ್ಡದಾಗಿದೆ ಅಂದರೆ ಕಾಲಮ್ನಾರಿಸ್ ಇರಬಹುದು. ಇದು ಬ್ಯಾಕ್ಟೀರಿಯಾ. ತುಂಬಾ ಜನ ಇದನ್ನು ಬೂಸ್ಟು ಅಂದುಕೊಂಡು ಬೂಸ್ಟಿನ ಔಷಧಿ ಹಾಕಿ ಸಮಯ ಕಳೆದುಕೊಳ್ಳುತ್ತಾರೆ. ಇದು ಬೆಚ್ಚನೆ ನೀರಿನಲ್ಲಿ ಇನ್ನೂ ಬೇಗ ಹಬ್ಬುತ್ತದೆ, ಒಂದೆರಡು ದಿನದಲ್ಲೇ ಮೀನು ಸಾಯಬಹುದು. ನಿಜವಾದ ಬೂಸ್ಟು ಹತ್ತಿಯ ಎಳೆಗಳ ಹಾಗೆ ಎದ್ದು ನಿಂತಿರುತ್ತದೆ, ಸಾಮಾನ್ಯವಾಗಿ ಮೊದಲೇ ಗಾಯ ಆದ ಜಾಗದಲ್ಲೇ ಬರುತ್ತದೆ.

ಬ್ಯಾಂಜೋ ಕ್ಯಾಟ್‌ಫಿಶ್ ಸಾಕುವವರು ಗಾಬರಿ ಬೀಳಬೇಡಿ, ಅದು ಆಗಾಗ ಮೇಲಿನ ಚರ್ಮದ ಪೊರೆ ಕಳಚುತ್ತದೆ. ಅದರ ಸ್ವಭಾವವೇ ಹಾಗೆ.

ಹಂತ 6: ಲೋಳೆ ಹೋಗಿದೆ ಅಂತ ಗೊತ್ತಾದ ದಿನ

ಮೀನನ್ನು ಹಿಡಿಯೋಕೆ ಹೋಗಬೇಡಿ. ಇದ್ದಲ್ಲೇ ಇರಲಿ, ಬೇರೆ ಮೀನುಗಳು ಕಚ್ಚುತ್ತಿದ್ದರೆ ಮಾತ್ರ ಡಬ್ಬಿಯಲ್ಲಿ ಬೇರೆ ಕಡೆಗೆ ಸಾಗಿಸಿ.

ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ಬದಲಿಸಿ. ಬಿಸಿ ಸಮ ಇರಲಿ, ಕ್ಲೋರಿನ್ ತೆಗೆದಿರಲಿ. ಅಮೋನಿಯಾ ಇದ್ದರೆ ನಾಳೆ ಮತ್ತೆ ಬದಲಿಸಿ, ನಾಡಿದ್ದೂ ಬದಲಿಸಿ. ಗಾಳಿ ಕಲ್ಲು ಜೋರು ಮಾಡಿ. ದೀಪ ಆರಿಸಿ. ಅಡಗಿಕೊಳ್ಳೋಕೆ ನುಣುಪಾದ ಒಂದು ಜಾಗ ಕೊಡಿ, ಒಂದು ತುಂಡು ಪೈಪ್ ಆದರೂ ಸಾಕು. ಅಡಗೋಕೆ ಜಾಗ ಇಲ್ಲದ ಕ್ಯಾಟ್‌ಫಿಶ್ ಗಾಬರಿಯಲ್ಲೇ ಇರುತ್ತದೆ, ಗಾಬರಿಯಲ್ಲಿರುವ ಮೀನಿಗೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಚರ್ಮ ಹರಿದಾಗ ಕ್ಯಾಟ್‌ಫಿಶ್ ಚರ್ಮದ ಕೆಲವು ಕೋಶಗಳಿಂದ ಎಚ್ಚರಿಕೆಯ ರಾಸಾಯನಿಕ ನೀರಿಗೆ ಸೇರುತ್ತದೆ, ಅದರಿಂದ ತೊಟ್ಟಿಯ ಉಳಿದ ಮೀನುಗಳೂ ಹೆದರಿ ಮೂಲೆ ಸೇರಬಹುದು. ನೀರು ಬದಲಿಸೋದು ಅವಕ್ಕೂ ಒಳ್ಳೆಯದು.

ಉಪ್ಪು ಹಾಕಬಹುದಾ? ಹಾಕಬಹುದು, ಆದರೆ ಕಡಿಮೆ. ಒಂದು ಲೀಟರ್‌ಗೆ 1 ಗ್ರಾಂ, ಅದನ್ನೂ ಒಂದೇ ಸಲ ಅಲ್ಲ, ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಒಂದು ದಿನದಲ್ಲಿ ಮೂರು ಕಂತಿನಲ್ಲಿ ಹಾಕಿ. 60 ಲೀಟರ್ ತೊಟ್ಟಿಗೆ ಒಟ್ಟು 60 ಗ್ರಾಂ, ಸಲಕ್ಕೆ 20 ಗ್ರಾಂ. ಕಾಳು ಉಪ್ಪನ್ನು ನೇರವಾಗಿ ತೊಟ್ಟಿಗೆ ಎಸೆದರೆ ತಳದಲ್ಲಿರುವ ಮೀನಿನ ಬರಿಮೈ ಮೇಲೇ ಬಿದ್ದು ಸುಡುತ್ತದೆ. ಉಪ್ಪು ಹೇಗೆ ಸಹಾಯ ಮಾಡುತ್ತದೆ ಅಂದರೆ ಮೀನಿನ ರಕ್ತದ ಉಪ್ಪು ಲೀಟರ್‌ಗೆ ಸುಮಾರು 9 ಗ್ರಾಂ, ಹೊರಗಿನ ನೀರು ಒಂಚೂರು ಉಪ್ಪಾದರೆ ಒಳಗೆ ಹೊರಗೆ ವ್ಯತ್ಯಾಸ ಕಡಿಮೆ, ಮೀನಿಗೆ ದುಡಿತ ಕಡಿಮೆ. ನೈಟ್ರೈಟ್ ಇದ್ದಾಗ ಉಪ್ಪಿನ ಕ್ಲೋರೈಡ್ ಅದು ಕಿವಿರಿನೊಳಗೆ ಹೋಗುವುದನ್ನೂ ತಡೆಯುತ್ತದೆ. ಉಪ್ಪು ಆವಿಯಾಗಿ ಹೋಗುವುದಿಲ್ಲ, ಹಾಗಾಗಿ ಆವಿಯಾದ ನೀರಿನ ಬದಲಿಗೆ ಬರೀ ನೀರು ಹಾಕಿ, ತೆಗೆದು ಬದಲಿಸಿದ ನೀರಿಗೆ ಮಾತ್ರ ಉಪ್ಪು ಸೇರಿಸಿ. ಗಿಡ, ಬಸವನಹುಳ ಇರುವ ತೊಟ್ಟಿಗೆ ಉಪ್ಪು ಒಗ್ಗದು. ಹಾಕಿದ ಮೇಲೆ ಮೀನು ಮೇಲೆ ಕೆಳಗೆ ಹುಚ್ಚಾಗಿ ಓಡಿದರೆ ತಕ್ಷಣ ನೀರು ಬದಲಿಸಿ.

ಅಂಗಡಿಯಲ್ಲಿ ಲೋಳೆ ಪದರಕ್ಕೆ ಅಂತಲೇ ದ್ರಾವಣ ಸಿಗುತ್ತದೆ, ಲೋಳೆಸರ ಅಥವಾ ಪಿವಿಪಿ ಅನ್ನುವ ಪಾಲಿಮರ್ ಇರುತ್ತದೆ ಅದರಲ್ಲಿ. ಹೊಸ ಗೀರಿನ ಮೇಲೆ ತೆಳು ಹೊದಿಕೆಯಾಗಿ ಕೂರಲಿ ಅನ್ನುವುದು ಉದ್ದೇಶ. ಸಾಗಿಸುವಾಗ ಒಂದು ಸಲ ಹಾಕುವುದಕ್ಕೆ ನನ್ನ ಅಭ್ಯಂತರ ಇಲ್ಲ. ಆದರೆ ಅದರಲ್ಲಿ ಆಂಟಿಬಾಡಿ ಇಲ್ಲ, ಲೈಸೋಜೈಮ್ ಇಲ್ಲ. ಕೆಟ್ಟ ನೀರಿಗೆ ಇದನ್ನು ಸುರಿದು ಸುಮ್ಮನೆ ಕೂರುವುದಕ್ಕಿಂತ ಆ ಹೊತ್ತಿನಲ್ಲಿ ಒಂದು ಬಕೆಟ್ ನೀರು ಬದಲಿಸಿದರೆ ಮೀನಿಗೆ ಜಾಸ್ತಿ ಉಪಕಾರ.

ಆಹಾರ ಸ್ವಲ್ಪವೇ ಕೊಡಿ, ಆದರೆ ಒಳ್ಳೆಯದು ಕೊಡಿ. ಕ್ಯಾಟ್‌ಫಿಶ್‌ಗಳು ವಿಟಮಿನ್ ಸಿ ಅನ್ನು ಮೈಯಲ್ಲೇ ತಯಾರಿಸಿಕೊಳ್ಳಲಾರವು, ಆಹಾರದಿಂದಲೇ ಬರಬೇಕು, ಅದು ಇಲ್ಲದಿದ್ದರೆ ಗಾಯ ಮಾಯುವುದು ನಿಧಾನ. ಮುಚ್ಚಳ ತೆಗೆದು ವರ್ಷವಾದ ಡಬ್ಬಿಯ ಆಹಾರದಲ್ಲಿ ಆ ವಿಟಮಿನ್ ಉಳಿದಿರುವುದಿಲ್ಲ. ಅದನ್ನು ಎಸೆದುಬಿಡಿ.

ಹಂತ 7: ಔಷಧಿ

ಬರೀ ಗೀರು, ಬರೀ ಮಸುಕು, ಮೀನು ಊಟ ಮಾಡುತ್ತಿದೆ ಅಂದರೆ ಔಷಧಿ ಬೇಡ. ಫಾರ್ಮಲಿನ್, ತಾಮ್ರ, ಮ್ಯಾಲಕೈಟ್ ಗ್ರೀನ್, ಪೊಟ್ಯಾಶಿಯಂ ಪರ್ಮಾಂಗನೇಟ್ ಇವು ಚರ್ಮವನ್ನೂ ಕಿವಿರನ್ನೂ ಕೆರಳಿಸುವಂಥವೇ. ಪೆಟ್ಟಾದ ಲೋಳೆಗೆ ಇನ್ನೊಂದು ಪೆಟ್ಟು.

ರೋಗ ಖಚಿತ ಅಂದ ಮೇಲೆ ಹಾಕಲೇಬೇಕಲ್ಲ. ಆಗ ಮೊದಲು ಲೇಬಲ್ ಓದಿ, ಹುರುಪೆ ಇಲ್ಲದ ಮೀನಿಗೆ ಎಷ್ಟು ಅಂತ ಬೇರೆ ಬರೆದಿರುತ್ತಾರೆ, ಎಷ್ಟೋ ಔಷಧಿಗಳಿಗೆ ಅದು ಅರ್ಧ ಪ್ರಮಾಣ. ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧಿಯನ್ನು ಹೀರಿಬಿಡುತ್ತದೆ. ತೊಟ್ಟಿಯಲ್ಲಿ ನಿಜವಾಗಿ ಎಷ್ಟು ಲೀಟರ್ ನೀರಿದೆ ಅಂತ ಲೆಕ್ಕ ಹಾಕಿ, ಮರಳು ಕಲ್ಲು ಹಿಡಿದ ಜಾಗ ಕಳೆಯಿರಿ. ಎರಡು ಔಷಧಿ ಒಟ್ಟಿಗೆ ಹಾಕಬೇಡಿ.

ಇಕ್‌ಗೆ ಔಷಧಿ ಹಾಕುವಾಗ ತಿಳಿದಿರಬೇಕಾದ್ದು ಇಷ್ಟು: ಚರ್ಮದ ಅಡಿಯಲ್ಲಿ ಕೂತ ಚುಕ್ಕಿಗೆ ಔಷಧಿ ತಾಗುವುದಿಲ್ಲ, ಅದು ಕಳಚಿ ಬಿದ್ದು ಮರಿ ಹಾಕಿ, ಆ ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಚುಕ್ಕಿ ಮಾಯವಾದ ದಿನ ನಿಲ್ಲಿಸಿದರೆ ವಾರ ಕಳೆದು ಮತ್ತೆ ಬರುತ್ತದೆ. ನೀರನ್ನು ನಿಧಾನವಾಗಿ, ದಿನಕ್ಕೆ ಒಂದು ಡಿಗ್ರಿಯಂತೆ 28ರವರೆಗೆ ಏರಿಸಿದರೆ ಅದರ ಚಕ್ರ ಬೇಗ ಮುಗಿಯುತ್ತದೆ, ಆದರೆ ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿ ಜಾಸ್ತಿ ಬಿಡಿ. ಕಾಲಮ್ನಾರಿಸ್ ಅನುಮಾನ ಇದ್ದರೆ ಮಾತ್ರ ಬಿಸಿ ಏರಿಸಲೇಬೇಡಿ. ಇದಕ್ಕೇ ಹಂತ 5ರಲ್ಲಿ ಅಷ್ಟು ವಿವರವಾಗಿ ಬರೆದೆ, ಚುಕ್ಕಿಗೂ ಪಟ್ಟೆಗೂ ವ್ಯತ್ಯಾಸ ತಿಳಿಯದೆ ಹೀಟರ್ ತಿರುಗಿಸಿದರೆ ಮೀನನ್ನು ನಾವೇ ಕೊಂದ ಹಾಗಾಗುತ್ತದೆ. ಆಂಟಿಬಯಾಟಿಕ್ ಬೇಕಾದರೆ ಮೀನಿನ ಬಗ್ಗೆ ತಿಳಿದ ಪಶುವೈದ್ಯರನ್ನು ಕೇಳಿ ಕೊಡಿ, ಅಂದಾಜಿನಲ್ಲಿ ಬೇಡ.

ವಾಸಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ಮಸುಕು ತೇಪೆಯ ಅಂಚು ಮೊದಲು ಮೆತ್ತಗಾಗುತ್ತದೆ, ಒಳಗೊಳಗೆ ಸರಿಯುತ್ತದೆ, ಆಮೇಲೆ ಆ ಜಾಗದ ಚರ್ಮ ಸುತ್ತಲಿಗಿಂತ ಸ್ವಲ್ಪ ಕಪ್ಪಾಗಿಯೋ ಬೆಳ್ಳಗೋ ಕಾಣಬಹುದು. ಬಣ್ಣ ಮರಳಿ ಬರೋಕೆ ವಾರಗಳೇ ಬೇಕು, ಅದಕ್ಕೆ ಕಾಯಬೇಕಿಲ್ಲ. ಟಾರ್ಚ್ ಬೆಳಕಿನಲ್ಲಿ ಅಲ್ಲಿ ಮತ್ತೆ ಒದ್ದೆ ಗಾಜಿನ ಹೊಳಪು ಬಂದಿದೆಯಾ, ರೆಕ್ಕೆಗಳನ್ನು ಬಿಚ್ಚಿ ಈಜುತ್ತಿದೆಯಾ, ಮೀಸೆ ಮುಂದೆ ಚಾಚಿ ಮರಳು ಕೆದಕುತ್ತಿದೆಯಾ ಅಂತ ನೋಡಿ. ಈ ಮೂರೂ ಕಂಡ ಮೇಲೂ ಇನ್ನೊಂದು ವಾರ ಬಿಟ್ಟು, ಉಪ್ಪು ಹಾಕಿದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಬದಲಿಸಿ ಅದನ್ನು ಪೂರ್ತಿ ಇಳಿಸಿ, ಬೇರೆ ತೊಟ್ಟಿಯಲ್ಲಿಟ್ಟಿದ್ದರೆ ಆಗ ದೊಡ್ಡ ತೊಟ್ಟಿಗೆ ಬಿಡಿ. ಡಬ್ಬಿಯಲ್ಲೇ ಒಯ್ಯಿರಿ, ದೀಪ ಆರಿಸಿದ ಮೇಲೆ.